ಕಾಲೇಜು ಆಟದ ಫೋಟೊ ತೆಗೆಯಲು ಹೊರಟವರಿಗೆ: ಕ್ಯಾಮೆರಾಗಿಂತ ಮೊದಲು ಒಂದು ನೋಟ್‌ಬುಕ್

ಅಂತರ ಕಾಲೇಜು ಖೋ ಖೋ ಫೈನಲ್ ಮುಗಿದ ಮೇಲೆ ಮೈದಾನದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗೆದ್ದವರು ಕಪ್ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾರೆ. ಅತಿಥಿಗಳ ಜೊತೆ ಒಂದು ಗ್ರೂಪ್ ಫೋಟೊ ಆಗುತ್ತದೆ, ಪ್ರಿನ್ಸಿಪಾಲರು ನಡುವೆ, ಹುಡುಗಿಯರು ಅಕ್ಕಪಕ್ಕ. ಆದರೆ ಅರ್ಧ ಗಂಟೆ ಮುಂಚೆ ಕಂಬದ ಪಕ್ಕ ನೆಲಕ್ಕೇ ಹಾರಿ, ಓಡುತ್ತಿದ್ದವಳ ಹಿಮ್ಮಡಿ ಮುಟ್ಟಿ, ಪಂದ್ಯವನ್ನೇ ತಿರುಗಿಸಿದಳಲ್ಲ, ಆ ಹುಡುಗಿಯ ಆ ಹಾರಾಟ ಯಾರ ಮೊಬೈಲಿನಲ್ಲೂ ಇರುವುದಿಲ್ಲ. ಮೂರು ವರ್ಷ ಕಾಲೇಜಿಗೆ ಆಡಿ, ಮಂಡಿ ಮೊಣಕೈ ತರಚಿಕೊಂಡು, ಕೊನೆಗೆ ತಾವು ಆಡುತ್ತಿರುವ ಒಂದೇ ಒಂದು ಒಳ್ಳೆ ಫೋಟೊ ಇಲ್ಲದೆ ಟಿ.ಸಿ. ತೆಗೆದುಕೊಂಡು ಹೋಗುವವರೇ ಜಾಸ್ತಿ. ನಮ್ಮ ಕೆಲಸ ಇರುವುದು ಅಲ್ಲೇ.

ಮೈಸೂರು, ಮಂಡ್ಯ ಸುತ್ತ ಒಂಬತ್ತು ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ. ಪತ್ರಿಕೆಯ ಸಂಬಳ ಇಲ್ಲ, ಸ್ಟುಡಿಯೊದ ನೌಕರಿ ಇಲ್ಲ, ಕರೆದ ಕಡೆ ಹೋಗುತ್ತೇನೆ, ಕರೆಯದಿದ್ದರೆ ಕೇಳಿಕೊಂಡು ಹೋಗುತ್ತೇನೆ. ಹೊಸಬರು ಬಂದು ಮೊದಲು ಕೇಳುವುದು ಒಂದೇ: "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಳಲಿ?" ಮೊದಲು ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್ ತಗೊಳ್ಳಿ ಅಂತ ಹೇಳುತ್ತೇನೆ. ಹೆಸರು ಗೊತ್ತಿಲ್ಲದ ಆಟಗಾರನ ಫೋಟೊ ಎಷ್ಟೇ ಚೆನ್ನಾಗಿರಲಿ, ಅದನ್ನು ಪತ್ರಿಕೆಯವರು ಹಾಕುವುದಿಲ್ಲ, ಕಾಲೇಜಿನವರು ವಾರ್ಷಿಕ ಸಂಚಿಕೆಯಲ್ಲಿ ಬಳಸುವುದಿಲ್ಲ, ಆ ಹುಡುಗನಿಗೆ ತಲುಪಿಸುವ ದಾರಿ ನಿಮಗೂ ತಿಳಿಯುವುದಿಲ್ಲ. ಈ ಕೆಲಸದಲ್ಲಿ ಹೊಟ್ಟೆ ತುಂಬುವುದು ಹೆಸರಿನಿಂದ. ಉಳಿದದ್ದನ್ನೂ ಹೇಳುತ್ತೇನೆ, ಆದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ಕೆಲಸ ಎಲ್ಲಿದೆ, ಯಾರನ್ನು ಕೇಳಬೇಕು

ಪ್ರಿನ್ಸಿಪಾಲರ ಚೇಂಬರ್ ಮುಂದೆ ಕೂತು ಕಾಯಬೇಡಿ. ನಿಮಗೆ ಬೇಕಾದವರು ದೈಹಿಕ ಶಿಕ್ಷಣ ನಿರ್ದೇಶಕರು, ಹುಡುಗರ ಬಾಯಲ್ಲಿ ಪಿ.ಡಿ. ಸಾರ್ ಅಥವಾ ಪಿ.ಟಿ. ಮೇಷ್ಟ್ರು. ಯಾವ ಟೂರ್ನಿ ಯಾವ ಕಾಲೇಜಿಗೆ ಬಂದಿದೆ, ಟೀಮ್ ಸೆಲೆಕ್ಷನ್ ಯಾವತ್ತು, ಸ್ಪೋರ್ಟ್ಸ್ ಡೇಗೆ ಎಷ್ಟು ದುಡ್ಡು ಇಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತು. ಬೆಳಿಗ್ಗೆ ಆರು, ಆರೂವರೆಗೆ ಪ್ರಾಕ್ಟೀಸ್ ನಡೆಯುವಾಗ ಮೈದಾನಕ್ಕೇ ಹೋಗಿ. ನಮಸ್ಕಾರ ಹೇಳಿ, ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆ ಕೇಳಿ. "ಸಾರ್, ಇವತ್ತು ಪ್ರಾಕ್ಟೀಸ್ ಫೋಟೊ ತೆಗೆದು ನಿಮಗೆ ಕಳಿಸುತ್ತೇನೆ, ದುಡ್ಡು ಬೇಡ, ಇಷ್ಟ ಆದರೆ ಮುಂದಿನ ಟೂರ್ನಿಗೆ ಕರೆಯಿರಿ" ಅಂದರೆ ಬೇಡ ಅನ್ನುವ ಮೇಷ್ಟ್ರನ್ನು ನಾನು ಕಡಿಮೆ ಕಂಡಿದ್ದೇನೆ. ಈ ಉಚಿತ ಸೇವೆ ಒಂದು ಕಾಲೇಜಿಗೆ ಒಂದೇ ಸಲ. ಎರಡನೇ ಸಲ ರೇಟ್ ಹೇಳಿ. ಸುಮ್ನೆ ಮಾಡಿಕೊಡುತ್ತಾ ಹೋದರೆ ನಿಮ್ಮ ಜೊತೆಗೆ ಈ ಕೆಲಸ ನಂಬಿದ ಇನ್ನೊಬ್ಬನ ಅನ್ನಕ್ಕೂ ಕಲ್ಲು ಬೀಳುತ್ತದೆ.

ಮೈಸೂರು ಇದಕ್ಕೆ ಹೇಳಿ ಮಾಡಿಸಿದ ಊರು. 1916ರ ವಿಶ್ವವಿದ್ಯಾಲಯ, ಅದರ ಕಾಲೇಜುಗಳು, ಎಂಜಿನಿಯರಿಂಗ್ ಕಾಲೇಜುಗಳು, ಎಲ್ಲ ಒಂದು ಸ್ಕೂಟರ್ ಓಡುವ ದೂರದಲ್ಲಿವೆ. ಓವಲ್ ಮೈದಾನ, ಮಹಾರಾಜ ಕಾಲೇಜು ಮೈದಾನ, ವಿಶ್ವವಿದ್ಯಾಲಯದ ಸ್ಪೋರ್ಟ್ಸ್ ಪೆವಿಲಿಯನ್, ನಜರ್‌ಬಾದಿನ ಚಾಮುಂಡಿ ವಿಹಾರ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್. ಈ ಕೊನೆಯದು ಗೊತ್ತಲ್ವಾ, 2010ರ ಜನವರಿಯಲ್ಲಿ ರಣಜಿ ಫೈನಲ್ ನಡೆದು ಮುಂಬೈ ಎದುರು ನಮ್ಮವರು ಬರೀ 6 ರನ್ನಿನಿಂದ ಸೋತ ಜಾಗ. ಸುತ್ತ ಮರ ಇರುವುದರಿಂದ ಹಿನ್ನೆಲೆ ಹಸಿರಾಗಿ ಸಿಗುತ್ತದೆ, ಕ್ರಿಕೆಟ್ ಕಲಿಯಲು ಅದಕ್ಕಿಂತ ಚಂದದ ಮೈದಾನ ನನಗೆ ಬೇರೆ ಕಂಡಿಲ್ಲ. ಮಂಡ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಇದೆ, ಪಿಇಎಸ್ ಕಾಲೇಜಿನ ಆವರಣ ಇದೆ. ಮಂಡ್ಯದ ಕಡೆ ಕಬಡ್ಡಿ ಅಂದರೆ ನೋಡುವವರೂ ಆಡುವವರಷ್ಟೇ ಬಿಸಿಯಾಗಿರುತ್ತಾರೆ, ಅವರನ್ನೂ ಫೋಟೊದಲ್ಲಿ ಹಿಡಿಯಿರಿ. ಮೈಸೂರಿನಿಂದ ಹೋಗುವವರಿಗೆ ಒಂದು ಮಾತು: 2023ರ ಆಗಸ್ಟ್ 1ರಿಂದ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಸ್ಕೂಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅದಕ್ಕೆ ಸಮಯ ಇಟ್ಟುಕೊಳ್ಳಿ, ಇಲ್ಲ ಬೆಳಗಿನ ರೈಲು ಹಿಡಿಯಿರಿ. ನಾನು ರೈಲಿನಲ್ಲೇ ಹೋಗುತ್ತೇನೆ, ವಾಪಸ್ ಬರುವಾಗ ಸೀಟು ಸಿಕ್ಕರೆ ಅಲ್ಲೇ ಫೋಟೊ ಆರಿಸಲು ಶುರು ಮಾಡಬಹುದು.

ದಸರಾ ಕ್ರೀಡಾಕೂಟವನ್ನು ಬಿಡಬೇಡಿ. ಅಲ್ಲಿ ಬೇರೆ ಬೇರೆ ಜಿಲ್ಲೆಯ ಕಾಲೇಜು ಹುಡುಗರೇ ಬಂದು ಆಡುತ್ತಾರೆ. ಅಂಥ ದೊಡ್ಡ ಕೂಟಕ್ಕೆ ಒಳಗೆ ಬಿಡಬೇಕಾದರೆ ಪಾಸ್ ಬೇಕು. ನಮ್ಮಂಥವರ ಹತ್ತಿರ ಪ್ರೆಸ್ ಕಾರ್ಡ್ ಇರುವುದಿಲ್ಲ. ಯಾವ ಕಾಲೇಜಿಗೆ ಅಥವಾ ಯಾವ ತಂಡಕ್ಕೆ ಫೋಟೊ ತೆಗೆಯುತ್ತಿದ್ದೀರೋ ಅವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತೆಗೆದುಕೊಂಡು, ಒಂದು ವಾರ ಮುಂಚೆಯೇ ಸಂಘಟಕರನ್ನು ಕಾಣಿ. ಅವತ್ತಿನ ದಿನ ಗೇಟಿನ ಹತ್ತಿರ ವಾದ ಮಾಡಿ ಉಪಯೋಗ ಇಲ್ಲ.

ಸಾಮಾನು

ಹೊಸ ಕ್ಯಾಮೆರಾಗೆ ಸಾಲ ಮಾಡಬೇಡಿ. ಆಟಕ್ಕೇ ಮಾಡಿದ ಹಳೆ ಕ್ಯಾಮೆರಾಗಳು ಈಗ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. 2014ರಲ್ಲಿ ಬಂದ ಕ್ಯಾನನ್ 7ಡಿ ಮಾರ್ಕ್ 2, 2016ರಲ್ಲಿ ಬಂದ ನಿಕಾನ್ ಡಿ500, ಎರಡೂ ಸೆಕೆಂಡಿಗೆ 10 ಫೋಟೊ ತೆಗೆಯುತ್ತವೆ. ಎರಡರಲ್ಲೂ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಆದ್ದರಿಂದ ದೂರದ ಆಟಗಾರ ಫ್ರೇಮಿನಲ್ಲಿ ಇನ್ನಷ್ಟು ದೊಡ್ಡದಾಗಿ ಬರುತ್ತಾನೆ, ಮೈದಾನದ ಅಂಚಿನಲ್ಲಿ ನಿಂತ ನಮಗೆ ಅದು ಲಾಭವೇ. ಕೊಳ್ಳುವ ಮುಂಚೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಲೆಕ್ಕ ತೆಗೆಸಿ. ಲೆನ್ಸಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. 70-200 ಎಂಎಂ ಎಫ್ 2.8 (ಮಂದ ಬೆಳಕಿನಲ್ಲೂ ನಡೆಯುವ ಜೂಮ್ ಲೆನ್ಸ್) ಇದ್ದರೆ ಮುಕ್ಕಾಲು ಪಾಲು ಆಟ ಮುಗಿಯಿತು. ಅಷ್ಟು ಹಣ ಇಲ್ಲದಿದ್ದರೆ 85 ಎಂಎಂ ಎಫ್ 1.8 ತಗೊಳ್ಳಿ, ಒಳಾಂಗಣದ ಕಬಡ್ಡಿ, ವಾಲಿಬಾಲಿಗೆ ಅದು ಸಾಕು, ಟೂರ್ನಿ ಇದ್ದ ದಿನ ದೊಡ್ಡ ಲೆನ್ಸ್ ಬಾಡಿಗೆಗೆ ತನ್ನಿ. ಮೊದಲ ಎರಡು ವರ್ಷ ನಾನು ಬಾಡಿಗೆಯಲ್ಲೇ ಕಳೆದೆ.

ಉಳಿದದ್ದು: ಎರಡು ಬ್ಯಾಟರಿ, ನಾಲ್ಕು ಚಿಕ್ಕ ಮೆಮೊರಿ ಕಾರ್ಡು (ಒಂದೇ ದೊಡ್ಡದು ಬೇಡ, ಅದು ಕೆಟ್ಟರೆ ಇಡೀ ದಿನ ಹೋಯಿತು), ಗಾಳಿ ಊದುವ ಬ್ಲೋವರ್, ಮೆತ್ತನೆ ಬಟ್ಟೆ, ದೊಡ್ಡ ಪ್ಲಾಸ್ಟಿಕ್ ಕವರ್, ಕೂರಲು ಒಂದು ಗೋಣಿಚೀಲ. ಮಣ್ಣಿನ ಅಂಕಣದ ಪಕ್ಕ ಲೆನ್ಸ್ ಬಿಚ್ಚಬೇಡಿ, ಆ ಕೆಂಪು ಧೂಳು ಒಳಗೆ ಹೋದರೆ ಸೆನ್ಸರ್ ಮೇಲೆ ಕೂರುತ್ತದೆ. ಬಾಯಿಂದ ಊದಲೇಬೇಡಿ, ಎಂಜಲು ಹಾರುತ್ತದೆ. ಮೇ ತಿಂಗಳಲ್ಲಿ ಮತ್ತು ಹಿಂಗಾರಿನ ಹೊತ್ತಿಗೆ ಮಧ್ಯಾಹ್ನದ ಮೇಲೆ ಮಳೆ ಹೇಳದೆ ಕೇಳದೆ ಬರುತ್ತದೆ, ಕವರ್ ಕೈಗೆ ಸಿಗುವ ಹಾಗೆ ಇರಲಿ.

ಮೈದಾನದಲ್ಲಿ

ಬೆಳಕನ್ನು ಮೊದಲು ನೋಡಿ. ನಮ್ಮ ಊರಿನ ಅಕ್ಷಾಂಶ 12 ಡಿಗ್ರಿ ಚಿಲ್ಲರೆ. ಏಪ್ರಿಲ್ ಮೂರು, ನಾಲ್ಕನೇ ವಾರ ಮತ್ತು ಆಗಸ್ಟ್ ಮೂರನೇ ವಾರದ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಎಲ್ಲರ ಕಣ್ಣಿನ ಕೆಳಗೂ ಕಪ್ಪು ನೆರಳು. ಆ ಹೊತ್ತಿನಲ್ಲಿ ಮುಖದ ಹಿಂದೆ ಬೀಳಬೇಡಿ, ನೆಲಕ್ಕೆ ಬಿದ್ದವರನ್ನು, ಮೇಲೆ ನೋಡುತ್ತಿರುವವರನ್ನು ಹಿಡಿಯಿರಿ. ಡಿಸೆಂಬರ್, ಜನವರಿಯ ಕಥೆ ಬೇರೆ. ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಮೈದಾನದ ದಕ್ಷಿಣದ ಅಂಚಿನಲ್ಲಿ, ಬೆನ್ನಿಗೆ ಬಿಸಿಲು ಹಾಕಿಕೊಂಡು ಕೂತರೆ ದಿನವಿಡೀ ಮುಖದ ಮೇಲೆ ಬೆಳಕು ಸಿಗುತ್ತದೆ. ಹೊಸ ಮೈದಾನಕ್ಕೆ ಹೋದಾಗ ಪಂದ್ಯ ಶುರುವಾಗುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಒಂದು ಸುತ್ತು ಹಾಕಿ. ಹಿನ್ನೆಲೆಯಲ್ಲಿ ನಿಲ್ಲಿಸಿದ ಬೈಕುಗಳು, ಶಾಮಿಯಾನದ ಹಗ್ಗ, ನೀರಿನ ಕ್ಯಾನು, ಇವೆಲ್ಲ ಬರದ ಒಂದು ಮೂಲೆ ಎಲ್ಲ ಮೈದಾನದಲ್ಲೂ ಇದ್ದೇ ಇರುತ್ತದೆ. ಹುಡುಕಬೇಕು ಅಷ್ಟೇ.

ಕ್ಯಾಮೆರಾವನ್ನು ಎಡೆಬಿಡದೆ ಫೋಕಸ್ ಹಿಂಬಾಲಿಸುವ ಮೋಡ್‌ಗೆ ಹಾಕಿ. ಶಟರ್ ವೇಗ ನೀವೇ ಹಿಡಿದಿಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಏರಿದರೆ ಏರಲಿ. ಕಾಳು ಕಾಳಾದ ಫೋಟೊವನ್ನು ಜನ ಒಪ್ಪುತ್ತಾರೆ, ಅಲುಗಾಡಿದ ಮುಖವನ್ನು ಒಪ್ಪುವುದಿಲ್ಲ.

ಕಬಡ್ಡಿಗೆ ಎರಡು ಜಾಗ. ಒಂದು, ಡಿಫೆಂಡರ್‌ಗಳ ಬೆನ್ನ ಹಿಂದೆ, ಅಂತ್ಯದ ಗೆರೆಯಿಂದ ಆಚೆ. ರೈಡರ್ ನಿಮ್ಮ ಕಡೆಗೇ ಮುಖ ಮಾಡಿ ಬರುತ್ತಾನೆ, ಬೋನಸ್ ಗೆರೆಗೆ ಕಾಲು ಚಾಚುವಾಗ ಕಣ್ಣು ಬಾಯಿ ಎಲ್ಲ ಸಿಗುತ್ತದೆ. ಆದರೆ ಅವನನ್ನು ಹಿಡಿದ ಮೇಲೆ ಅವನು ತಿರುಗಿ ಮಧ್ಯದ ಗೆರೆ ಕಡೆ ಎಳೆಯುತ್ತಾನೆ, ನಿಮಗೆ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೇ ಎರಡನೇ ಜಾಗ, ಮಧ್ಯದ ಗೆರೆಯ ತುದಿಯಲ್ಲಿ, ಲಾಬಿಯಿಂದ (ಅಂಕಣದ ಪಕ್ಕದ ಪಟ್ಟಿಯಿಂದ) ಹೊರಗೆ, ನೆಲಕ್ಕೆ ಅಂಟಿಕೊಂಡು. ನಾಲ್ಕು ಜನ ಸೊಂಟ, ತೊಡೆ, ಕಾಲು ಹಿಡಿದಿರುವಾಗ ಒಂದು ಕೈ ಗೆರೆಯ ಕಡೆ ಚಾಚುತ್ತದಲ್ಲ, ಕಬಡ್ಡಿಯಲ್ಲಿ ಅದಕ್ಕಿಂತ ದೊಡ್ಡ ಫೋಟೊ ಇಲ್ಲ. ಮೊದಲರ್ಧ ಒಂದು ಕಡೆ, ಎರಡನೇ ಅರ್ಧ ಇನ್ನೊಂದು ಕಡೆ ಕೂತುಕೊಳ್ಳಿ. ಒಂದು ರೈಡಿಗೆ 30 ಸೆಕೆಂಡ್. ಶುರುವಿನಲ್ಲೇ ಗುಂಡಿ ಒತ್ತಿ ಹಿಡಿಯಬೇಡಿ, ರೈಡರ್ ಮೊದಲು ಅಂದಾಜು ಹಾಕುತ್ತಿರುತ್ತಾನೆ. ಕೊನೆಯ ಹತ್ತು ಸೆಕೆಂಡ್, ಅದರಲ್ಲೂ ಅಂಕ ತರಲೇಬೇಕಾದ ಡೂ ಆರ್ ಡೈ ರೈಡ್ ಆದರೆ, ಕಣ್ಣು ಮಿಟುಕಿಸಬೇಡಿ. ಶಟರ್ ವೇಗ ಹೊರಗಡೆ ಬೆಳಕಿನಲ್ಲಿ 1/1000 ಸೆಕೆಂಡ್, ಒಳಗಡೆ 1/500ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು.

ಖೋ ಖೋ ನನಗೆ ಎಲ್ಲಕ್ಕಿಂತ ಇಷ್ಟ, ಎಲ್ಲಕ್ಕಿಂತ ಕಷ್ಟವೂ ಹೌದು. ಅಟ್ಟಿಸಿಕೊಂಡು ಹೋಗುವವರು ನಡುವಿನ ಸಾಲು ದಾಟುವ ಹಾಗಿಲ್ಲ, ಒಮ್ಮೆ ಹಿಡಿದ ದಿಕ್ಕು ನಡುವೆ ಬದಲಿಸುವ ಹಾಗಿಲ್ಲ, ಓಡುವವರು ಹೇಗೆ ಬೇಕಾದರೂ ತಿರುಗಬಹುದು. ಆದ್ದರಿಂದ ಆಟ ಎಳೆದುಕೊಂಡು ಬಂದು ನಿಲ್ಲುವುದು ಕಂಬದ ಹತ್ತಿರ. ಕಂಬ ಹಿಡಿದು ಮೈ ಪೂರ್ತಿ ಗಾಳಿಯಲ್ಲಿ ಚಾಚಿ ಹೊಡೆಯುವ ಪೋಲ್ ಡೈವ್ ಅಲ್ಲೇ ಆಗುತ್ತದೆ. ಕಂಬದಿಂದ ಆಚೆ ಫ್ರೀ ಜೋನ್ ಇರುತ್ತದೆ, ಅದರೊಳಗೆ ಕೂರಬೇಡಿ, ಓಡುವವರು ಅಲ್ಲಿಗೆ ನುಗ್ಗುತ್ತಾರೆ. ಅದರಿಂದಲೂ ಹೊರಗೆ, ಸ್ವಲ್ಪ ಓರೆಯಾಗಿ, ಗೋಣಿಚೀಲ ಹಾಸಿ ಮಲಗಿಬಿಡಿ. ಕಂಬಕ್ಕೇ ಫೋಕಸ್ ಹಿಡಿದುಕೊಂಡು ಕಾಯಿರಿ. 1/1600 ಇದ್ದರೆ ಕಾಲಿನಿಂದ ಎದ್ದ ಮಣ್ಣು ಕಾಳು ಕಾಳಾಗಿ ನಿಲ್ಲುತ್ತದೆ. ಇನ್ನೊಂದು, ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತ ಎಂಟು ಜನರನ್ನು ಮರೆಯಬೇಡಿ. ಬೆನ್ನ ಮೇಲೆ "ಖೋ" ಬೀಳುವುದನ್ನು ಕಾಯುವ ಆ ಮುಖಗಳಲ್ಲಿ ಇರುವ ಬಿಗಿ ಓಡುವವರ ಮುಖದಲ್ಲೂ ಇರುವುದಿಲ್ಲ.

ಅಥ್ಲೆಟಿಕ್ಸ್‌ಗೆ ಬಂದರೆ ಮೊದಲು ಜೀವ. ಜಾವೆಲಿನ್, ಡಿಸ್ಕಸ್, ಗುಂಡು ಎಸೆಯುವಾಗ ಬೀಳುವ ಜಾಗದ ಗೆರೆಯೊಳಗೆ ಯಾವ ಕಾರಣಕ್ಕೂ ಕಾಲಿಡಬೇಡಿ. ಕ್ಯಾಮೆರಾದಲ್ಲಿ ಕಣ್ಣಿಟ್ಟವನಿಗೆ ಬರುತ್ತಿರುವುದು ಎಷ್ಟು ದೂರದಲ್ಲಿದೆ ಅಂತ ತಿಳಿಯುವುದಿಲ್ಲ. ಉದ್ದ ಜಿಗಿತಕ್ಕೆ ಮರಳಿನ ಗುಂಡಿಯ ಆಚೆ ತುದಿಯಲ್ಲಿ, ಅಳತೆ ಮಾಡುವವರಿಗೆ ಅಡ್ಡ ಬಾರದ ಹಾಗೆ ನೆಲಮಟ್ಟದಲ್ಲಿ ಕೂತರೆ ಮರಳು ಚಿಮ್ಮುವುದು ಸಿಗುತ್ತದೆ. ಓಟಕ್ಕೆ ಫಿನಿಷ್ ಗೆರೆಯ ಆಚೆ, ನೇರ ಎದುರಿಗೆ. 4x100 ರಿಲೇಯಲ್ಲಿ ಬ್ಯಾಟನ್ ಬದಲಾಗಲು 30 ಮೀಟರ್ ಜಾಗ ಇದೆ, ಕೊನೆಯ ಬದಲಾವಣೆಯ ಹತ್ತಿರ ನಿಂತರೆ ಬ್ಯಾಟನ್ ಬಿದ್ದು ಹೋಗುವ ಸಂಕಟವೂ ಸಿಗಬಹುದು. ಅದನ್ನು ತೆಗೆಯಿರಿ, ಆದರೆ ಆ ಹುಡುಗನನ್ನು ಕೇಳದೆ ಎಲ್ಲೂ ಹಾಕಬೇಡಿ.

ಒಳಾಂಗಣದಲ್ಲಿ ಹೊಸಬರಿಗೆ ಅರ್ಥವಾಗದ ಒಂದು ತೊಂದರೆ ಇದೆ. ಒಂದರ ಹಿಂದೆ ಒಂದು ತೆಗೆದ ಫೋಟೊಗಳಲ್ಲಿ ಒಂದು ಬೆಳ್ಳಗೆ, ಒಂದು ಹಳದಿ, ಒಂದು ಅರ್ಧ ಕಪ್ಪು ಬರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಳೆ ದೀಪಗಳು ಅದರ ಜೊತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1/800ರಲ್ಲಿ ಕ್ಯಾಮೆರಾಗೆ ಕಾಣುತ್ತದೆ. ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಹಾಕಿ. ಮಿರರ್‌ಲೆಸ್ ಇದ್ದವರು ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ. ಫ್ಲ್ಯಾಶ್ ಬೇಡ, ಅದರಲ್ಲೂ ಬ್ಯಾಡ್ಮಿಂಟನ್, ವಾಲಿಬಾಲ್‌ನಲ್ಲಿ ಆಡುವವರ ಕಣ್ಣು ಕುಕ್ಕುತ್ತದೆ.

ಹೆಸರು

ಪಂದ್ಯ ಶುರುವಾಗುವ ಮುಂಚೆ ಸ್ಕೋರರ್ ಮೇಜಿನ ಹತ್ತಿರ ಹೋಗಿ, ಎರಡೂ ತಂಡದ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಜೆರ್ಸಿ ನಂಬರು, ಹೆಸರು, ಕಾಲೇಜು. ಕಾಲೇಜು ಮಟ್ಟದಲ್ಲಿ ಜೆರ್ಸಿ ಅದಲು ಬದಲು ಆಗುವುದು ಮಾಮೂಲು, ಗೆಳೆಯನ ಬನಿಯನ್ ಹಾಕಿಕೊಂಡು ಆಡುವವರಿದ್ದಾರೆ, ನಂಬರೇ ಇಲ್ಲದ ತಂಡಗಳೂ ಇವೆ. ಆದ್ದರಿಂದ ಪಟ್ಟಿ ಸಾಲದು. ವಾರ್ಮ್ ಅಪ್ ಮಾಡುವಾಗ ಕ್ಯಾಪ್ಟನ್ ಪಕ್ಕ ನಿಂತು ಒಬ್ಬೊಬ್ಬರನ್ನೇ ತೋರಿಸಿ ಕೇಳಿ, ನೋಟ್‌ಬುಕ್ಕಿನಲ್ಲಿ ಗುರುತು ಬರೆದುಕೊಳ್ಳಿ: "7, ಕೆಂಪು ಶೂ, ಎಡಗೈ ಬ್ಯಾಂಡೇಜು." ಪಂದ್ಯ ಮುಗಿದ ಮೇಲೆ ಒಳ್ಳೆ ಫೋಟೊ ಯಾರದ್ದು ಬಂದಿದೆಯೋ ಅವರನ್ನು ಹುಡುಕಿಕೊಂಡು ಹೋಗಿ, ಕ್ಯಾಮೆರಾದ ಪರದೆ ತೋರಿಸಿ, ಅವರ ಕೈಯಲ್ಲೇ ಹೆಸರು ಬರೆಸಿ. ಅವರೇ ಬರೆದರೆ ಕಾಗುಣಿತ ತಪ್ಪುವುದಿಲ್ಲ. ಇನಿಷಿಯಲ್ ಬಿಡಬೇಡಿ, ಒಂದು ಕಾಲೇಜಿನಲ್ಲಿ ನಾಲ್ಕು ಜನ ಸಿಂಧು ಇರುತ್ತಾರೆ.

ಇದನ್ನು ನಾನು ನೋವಿನಿಂದ ಕಲಿತೆ. ಮೊದಲ ವರ್ಷ ಒಬ್ಬಳು ತ್ರಿವಿಧ ಜಿಗಿತದ ಹುಡುಗಿಯ ಫೋಟೊ ಪತ್ರಿಕೆಗೆ ಕಳಿಸಿದೆ. ಚೆನ್ನಾಗಿಯೇ ಅಚ್ಚಾಯಿತು, ಕೆಳಗೆ ಇನ್ನೊಬ್ಬಳ ಹೆಸರು. ತಪ್ಪು ಪೂರ್ತಿ ನನ್ನದು, ಸ್ಪರ್ಧಿಗಳ ಪಟ್ಟಿ ನೋಡಿ ಅಂದಾಜಿನಲ್ಲಿ ಬರೆದಿದ್ದೆ. ಎರಡು ದಿನ ಆದ ಮೇಲೆ ಅವಳ ಅಪ್ಪ ಫೋನ್ ಮಾಡಿದರು. ಬೈಯಲಿಲ್ಲ. "ಊರಲ್ಲಿ ಎಲ್ರಿಗೂ ಪೇಪರ್ ತೋರಿಸ್ಬೇಕು ಅಂತ ಹತ್ತು ಕಾಪಿ ತಂದಿದ್ದೆ ಸಾರ್" ಅಂದರು, ಅಷ್ಟೇ. ಮಾರನೇ ವಾರ ಅವರ ಊರಿಗೆ ಹೋಗಿ ದೊಡ್ಡ ಪ್ರಿಂಟ್ ಕೊಟ್ಟು ಬಂದೆ. ಆ ಹತ್ತು ಕಾಪಿಯನ್ನು ನಾನು ಇನ್ನೂ ಮರೆತಿಲ್ಲ. ಅವತ್ತಿನಿಂದ ಖಚಿತ ಆಗದ ಹೆಸರಿನ ಫೋಟೊವನ್ನು ಹೊರಗೆ ಕಳಿಸುವುದಿಲ್ಲ, ಎಷ್ಟೇ ಅರ್ಜೆಂಟ್ ಇರಲಿ.

ಅದೇ ದಿನ ತಲುಪಿಸಿ

ಪತ್ರಿಕೆಗೆ ಕಳಿಸುವುದಾದರೆ ಸಂಜೆ ಐದೂವರೆ, ಆರರೊಳಗೆ ಎರಡು ಮೂರು ಫೋಟೊ ಸಾಕು. ಕೆಳಗೆ ಎರಡು ಸಾಲು: ಯಾರು, ಯಾವ ಕಾಲೇಜು, ಯಾವ ಟೂರ್ನಿ, ಎಲ್ಲಿ, ಯಾವತ್ತು, ಸ್ಕೋರ್ ಎಷ್ಟು. ಅಡಿಬರಹವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆ ನುಡಿ ಫಾಂಟಿನಲ್ಲಿ ಕಳಿಸಿದರೆ ಆಚೆ ಕಡೆ ಅಕ್ಷರ ಒಡೆದು, ಹೆಸರೇ ಇಲ್ಲದಂತಾಗುತ್ತದೆ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಸ್ಥಳೀಯ ಪತ್ರಿಕೆಯಿಂದ ಬರುವ ಹಣ ಜಾಸ್ತಿ ಏನಲ್ಲ. ಆದರೂ ಹೆಸರಿನ ಜೊತೆ ಅಚ್ಚಾದ ಒಂದು ಫೋಟೊ ಮುಂದಿನ ಮೂರು ಕಾಲೇಜಿನ ಬಾಗಿಲು ತೆರೆಯುತ್ತದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ನೌಕರಿ ಬಿಟ್ಟು ಫ್ರೀಲ್ಯಾನ್ಸ್ ಆಗಿಯೇ ದೇಶ ಸುತ್ತಿದರು, 1977ರಲ್ಲಿ ಪದ್ಮಶ್ರೀ ಬಂತು. ಸಾಮಾನ್ಯ ಜನರ ಮುಖವನ್ನು ಅವರು ಎಷ್ಟು ಗೌರವದಿಂದ ಹಿಡಿದಿದ್ದಾರೆ ಅಂತ ಒಮ್ಮೆ ಹುಡುಕಿ ನೋಡಿ.

ಕಾಲೇಜಿಗೆ ಕೊಡುವಾಗ ಒಂದು ಒಳಗಿನ ವಿಷಯ ತಿಳಿದಿರಲಿ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆಯ ಪರಿಶೀಲನೆಗೆ ಅವರು ಕಾರ್ಯಕ್ರಮಗಳ ಜಿಯೊಟ್ಯಾಗ್ ಫೋಟೊ ಇಟ್ಟುಕೊಳ್ಳಬೇಕಾಗುತ್ತದೆ, ಅಂದರೆ ಜಾಗ, ದಿನಾಂಕ, ಸಮಯ ಇರುವ ಫೋಟೊ. ನಮ್ಮ ದೊಡ್ಡ ಕ್ಯಾಮೆರಾಗಳಲ್ಲಿ ಬಹುಪಾಲು ಜಿಪಿಎಸ್ ಇರುವುದಿಲ್ಲ. ಉದ್ಘಾಟನೆ, ತಂಡಗಳ ಪರಿಚಯ, ಬಹುಮಾನ, ಈ ಮೂರನ್ನು ಮೊಬೈಲಿನ ಜಿಪಿಎಸ್ ಕ್ಯಾಮೆರಾ ಆ್ಯಪಿನಲ್ಲೂ ತೆಗೆದುಕೊಡಿ. ಎರಡು ನಿಮಿಷದ ಕೆಲಸ. ಫೈಲ್ ಹುಡುಕಿ ಸುಸ್ತಾದ ಪಿ.ಡಿ. ಸಾರ್ ಇದನ್ನು ವರ್ಷವಿಡೀ ನೆನಪಿಟ್ಟುಕೊಳ್ಳುತ್ತಾರೆ.

ಆಟಗಾರರಿಗೆ ಅದೇ ರಾತ್ರಿ ಚಿಕ್ಕ ಸೈಜಿನ ಫೋಟೊಗಳ ಲಿಂಕ್ ಕ್ಯಾಪ್ಟನ್‌ಗೆ ಕಳಿಸಿ. ಸೋತ ತಂಡದ ಕ್ಯಾಪ್ಟನ್‌ಗೂ ಕಳಿಸಿ. ದೊಡ್ಡ ಫೈಲ್ ಅಥವಾ ಪ್ರಿಂಟ್ ಬೇಕಾದವರಿಗೆ ಇಷ್ಟು ಅಂತ ಒಂದೇ ರೇಟ್ ಬರೆದಿಡಿ. ಹುಡುಗರ ಜೇಬು ನಿಮಗೆ ಗೊತ್ತು, ಹಾಸ್ಟೆಲಿನಲ್ಲಿ ಇರುವವರು, ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು. ಒಬ್ಬೊಬ್ಬರಿಗೆ ಮಾರುವುದಕ್ಕಿಂತ ಇಡೀ ತಂಡಕ್ಕೆ ಒಂದು ಪ್ಯಾಕೇಜ್ ಅಂತ ಮಾಡಿದರೆ ತಲೆಗೆ ಕಡಿಮೆ ಬೀಳುತ್ತದೆ, ನಿಮಗೂ ಒಟ್ಟು ಹಣ ಬರುತ್ತದೆ.

ಹಣ, ಕಾಗದ

ರೇಟ್ ಹೇಗೆ ಹಾಕುವುದು? ಪಕ್ಕದವನದ್ದು ಕೇಳಿ ಅದಕ್ಕಿಂತ ಐನೂರು ಕಡಿಮೆ ಹೇಳುವುದಲ್ಲ. ನಿಮ್ಮ ಸಾಮಾನಿಗೆ 1,80,000 ರೂಪಾಯಿ ಹಾಕಿದ್ದೀರಿ, ಅದು 4 ವರ್ಷ ಬಾಳುತ್ತದೆ ಅಂದುಕೊಳ್ಳಿ. ವರ್ಷಕ್ಕೆ 45,000. ವರ್ಷದಲ್ಲಿ 60 ದಿನ ಕೆಲಸ ಸಿಕ್ಕಿತು ಅಂದರೆ ದಿನಕ್ಕೆ 750 ರೂಪಾಯಿ ಬರೀ ಸಾಮಾನಿನ ಸವೆತ. ಅದರ ಮೇಲೆ ಪೆಟ್ರೋಲ್ ಅಥವಾ ರೈಲು, ಊಟ, ಬಾಡಿಗೆ ಲೆನ್ಸ್, ಹಾರ್ಡ್ ಡಿಸ್ಕ್, ಇಂಟರ್‌ನೆಟ್. ಇಷ್ಟಾದ ಮೇಲೆ ನಿಮ್ಮ ಕೂಲಿ. ಒಂದು ದಿನ ಆಟ ಅಂದರೆ ಆರಿಸಿ, ಸರಿಪಡಿಸಿ, ಹೆಸರು ಹಾಕಲು ಇನ್ನರ್ಧ ದಿನ ಬೇಕು, ಆದ್ದರಿಂದ ಒಂದೂವರೆ ದಿನದ ಕೂಲಿ ಹಾಕಿ. ಮನೆಯಲ್ಲಿ ಕೂತು ಈ ಲೆಕ್ಕ ಬರೆದುಕೊಂಡವನು ಚೌಕಾಸಿಯಲ್ಲಿ ಎಲ್ಲಿ ನಿಲ್ಲಬೇಕು ಅಂತ ತಿಳಿದಿರುತ್ತಾನೆ.

ಬಾಯಿಮಾತಿನ ಮೇಲೆ ಹೋಗಬೇಡಿ. ಒಂದು ಕಾಲೇಜಿನಲ್ಲಿ ಮೂರು ದಿನದ ಟೂರ್ನಿ ತೆಗೆದುಕೊಟ್ಟೆ, ಕರೆದ ಮೇಷ್ಟ್ರು ಮುಂದಿನ ತಿಂಗಳು ವರ್ಗವಾದರು, ಆಫೀಸಿನಲ್ಲಿ "ನಿಮಗೆ ಆರ್ಡರ್ ಕೊಟ್ಟ ಕಾಗದ ಎಲ್ಲಿ" ಅಂದರು. ಏಳು ತಿಂಗಳು ಅಲೆದೆ. ಈಗ ಮೊದಲು ಕೊಟೇಷನ್ ಕೊಡುತ್ತೇನೆ, ಪ್ರಿನ್ಸಿಪಾಲರ ಸಹಿ ಇರುವ ಒಂದು ಸಾಲಿನ ಆದೇಶ ತೆಗೆದುಕೊಳ್ಳುತ್ತೇನೆ, ಸಾಧ್ಯವಾದ ಕಡೆ ಅರ್ಧ ಮುಂಗಡ. ಬಿಲ್ಲಿನಲ್ಲಿ ಪ್ಯಾನ್ ನಂಬರು, ಬ್ಯಾಂಕ್ ವಿವರ ಇರಲಿ. ಹಣ ಕೊಡುವಾಗಲೇ ತೆರಿಗೆ (ಟಿಡಿಎಸ್) ಹಿಡಿದರೆ ಅದರ ಪ್ರಮಾಣಪತ್ರ ಕೇಳಿ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ನಮ್ಮಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ.

ಕೃತಿಸ್ವಾಮ್ಯದ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ದಯವಿಟ್ಟು ಇದನ್ನು ಎರಡು ಸಲ ಓದಿ. ನೀವಾಗಿ ಹೋಗಿ ತೆಗೆದ ಫೋಟೊದ ಹಕ್ಕು ನಿಮ್ಮದೇ. ಆದರೆ ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರಿಗೆ ಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಂದರೆ ಕಾಲೇಜು ನಿಮ್ಮ ಫೋಟೊವನ್ನು ಅಡ್ಮಿಷನ್ ಹೋರ್ಡಿಂಗ್‌ಗೆ ಹಾಕಿದರೂ ನೀವು ಕೇಳುವ ಹಾಗಿಲ್ಲ. ಆದ್ದರಿಂದ ಕೊಟೇಷನ್ನಿನ ಕೆಳಗೆ ಇಷ್ಟು ಬರೆಯಿರಿ: "ಫೋಟೊಗಳ ಕೃತಿಸ್ವಾಮ್ಯ ಛಾಯಾಗ್ರಾಹಕರದ್ದೇ ಆಗಿರುತ್ತದೆ. ಕಾಲೇಜು ತನ್ನ ವಾರ್ಷಿಕ ಸಂಚಿಕೆ, ವೆಬ್‌ಸೈಟ್ ಮತ್ತು ನ್ಯಾಕ್ ದಾಖಲೆಗೆ ಬಳಸಬಹುದು. ಜಾಹೀರಾತಿಗೆ ಬಳಸಲು ಪ್ರತ್ಯೇಕ ಒಪ್ಪಂದ ಬೇಕು." ಎರಡೂ ಕಡೆ ಸಹಿ. ಕೇಳಲು ಸಂಕೋಚ ಬೇಡ, ಸಹಿ ಮಾಡುತ್ತಾರೆ.

ಯಾವುದನ್ನು ಕೊಡಬಾರದು

ಕಬಡ್ಡಿ, ಖೋ ಖೋ, ಕುಸ್ತಿ, ಹೈಜಂಪ್ ಎಲ್ಲದರಲ್ಲೂ ಬಟ್ಟೆ ಸರಿಯುತ್ತದೆ, ಮೈ ವಿಚಿತ್ರವಾಗಿ ತಿರುಗುತ್ತದೆ. ಅಂಥ ಫೋಟೊ ಬಂದರೆ ಅಲ್ಲೇ ಅಳಿಸಿ. ಲಿಂಕಿನಲ್ಲಿ ಹೋಗಬಾರದು, ನಿಮ್ಮ ಡಿಸ್ಕಿನಲ್ಲೂ ಇರಬಾರದು. ಹಳ್ಳಿಯ ಒಬ್ಬ ಹುಡುಗಿ ಶಾರ್ಟ್ಸ್ ಹಾಕಿ ಆಡಲು ಮನೆಯಲ್ಲಿ ಎಷ್ಟು ಹೋರಾಡಿ ಬಂದಿರುತ್ತಾಳೋ ನಮಗೆ ಗೊತ್ತಿಲ್ಲ, ನಮ್ಮ ಒಂದು ಫೋಟೊದಿಂದ ಅವಳ ಆಟ ನಿಲ್ಲಬಾರದು. ಪಿಯು ಮಕ್ಕಳಲ್ಲಿ ಬಹುಪಾಲು 18 ತುಂಬದವರು, ಅವರ ಫೋಟೊ ಹೊರಗೆ ಹಾಕುವ ಮುಂಚೆ ಕಾಲೇಜು ಮತ್ತು ಮನೆಯವರ ಒಪ್ಪಿಗೆ ಬೇಕು. ಪೆಟ್ಟು ಬಿದ್ದವರನ್ನು ಕಂಡರೆ ಕ್ಯಾಮೆರಾ ಇಳಿಸಿ ನೀರು ತನ್ನಿ. ಯಾರಾದರೂ ನನ್ನ ಫೋಟೊ ಅಳಿಸಿಬಿಡಿ ಅಂದರೆ ಕಾರಣ ಕೇಳದೆ ಅಳಿಸಿ.

ಕೂಡಿಡುವುದು

ಮನೆಗೆ ಬಂದ ತಕ್ಷಣ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಆಮೇಲೆ ಸ್ನಾನ. ಎರಡರಲ್ಲಿ ಒಂದು ಬೇರೆ ಮನೆಯಲ್ಲಿ ಇರಲಿ, ನನ್ನದು ಅಕ್ಕನ ಮನೆಯಲ್ಲಿದೆ. ಫೋಲ್ಡರಿಗೆ ವರ್ಷ, ತಿಂಗಳು, ದಿನ, ಆಟ, ಕಾಲೇಜು ಅನ್ನುವ ಕ್ರಮ. ಆರಿಸಿದ ಫೋಟೊಗಳ ಒಳಗೇ, ಅಡಿಬರಹದ ಜಾಗದಲ್ಲಿ, ಆಟಗಾರರ ಹೆಸರು ಟೈಪ್ ಮಾಡಿ. ಬೇಸರದ ಕೆಲಸ, ಒಂದು ಟೂರ್ನಿಗೆ ಎರಡು ಗಂಟೆ ಹಿಡಿಯುತ್ತದೆ. ಆದರೂ ಮಾಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅವತ್ತು ರಾತ್ರಿ ನಾನು ನನ್ನ ಹಳೆ ಡಿಸ್ಕುಗಳನ್ನೆಲ್ಲ ಹೊರಗೆ ತೆಗೆದು ಕೂತೆ. ಎಷ್ಟೊಂದು ಹುಡುಗಿಯರು, ಎಷ್ಟೊಂದು ಕಂಬಗಳು, ಎಷ್ಟೊಂದು ಹಾರಾಟ. ಮೊದಲೆರಡು ವರ್ಷದ ಫೋಲ್ಡರುಗಳಲ್ಲಿ ಫೋಟೊ ಇದೆ, ಹೆಸರಿಲ್ಲ. ಆ ಮುಖಗಳನ್ನು ಹಿಡಿದುಕೊಂಡು ಹಳೆ ಪಿ.ಡಿ. ಮೇಷ್ಟ್ರುಗಳ ಮನೆಗೆ ಈಗಲೂ ಬಿಡುವಾದಾಗ ಹೋಗುತ್ತೇನೆ, "ಸಾರ್, ಇವಳು ಯಾರು ನೆನಪಿದೆಯಾ" ಅಂತ ಕೇಳುತ್ತೇನೆ. ಇಲ್ಲಿಯವರೆಗೆ ಮೂವತ್ತೊಂದು ಹೆಸರು ಸಿಕ್ಕಿವೆ.